ಮೀನಿಗೆ ವೈದ್ಯ ಬೇಡವೇ?

ತೆಂಗಿಗೆ ನುಸಿ ಬಿದ್ದಾಗ ತಿಪಟೂರೆಲ್ಲ ಕೂಗೆದ್ದಿತು. ಕೆರೆಯ ಮೀನು ಮೈತುಂಬ ಹುಣ್ಣಾಗಿ ತೇಲಿದರೆ ಮಾತ್ರ ‘ಮೀನುಗಾರನ ಹಣೆಬರಹ’ ಎನ್ನುತ್ತೇವೆ. ಹಣೆಬರಹವಲ್ಲ, ಅದು ರೋಗ. 1988ರಲ್ಲಿ ಭಾರತಕ್ಕೆ ಕಾಲಿಟ್ಟದ್ದು. ಚಳಿಗಾಲಕ್ಕೆ ಮುಂಚೆ ಅಳತೆಯರಿತು ಸುಣ್ಣ ಹಾಕಿದರೆ ಹಾವಳಿ ತಗ್ಗುತ್ತದೆ. ಅಳತೆ ಹೇಳುವವರು ಯಾರು?

1969ರಲ್ಲೇ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜು ತೆರೆಯಿತು, ದೇಶಕ್ಕೇ ಮೊದಲನೆಯದು. ಇಂದು ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದ ಅಲ್ಲಿ ಜಲಚರಗಳ ಆರೋಗ್ಯಕ್ಕೆಂದೇ ಸ್ನಾತಕೋತ್ತರ ಪದವಿಯಿದೆ. ಅದರ ಖರ್ಚು ಯಾರದು? ಬೆಂಕಿಪೊಟ್ಟಣಕ್ಕೂ ತೆರಿಗೆ ತೆರುವ ಗಿರಣಿ ಕೂಲಿಯದು, ಸಂತೆಯ ಚಿಲ್ಲರೆ ವ್ಯಾಪಾರಿಯದು. ವಿದ್ಯೆ ಘಟ್ಟದ ಕೆಳಗೆ, ರೋಗ ಘಟ್ಟದ ಮೇಲೆ! ಮೀನುಮರಿ ಸತ್ತರೆ ಸಾಲ ಸಾಯುವುದಿಲ್ಲ.

ಬಂಧುಗಳೇ, ಒಕ್ಕೊರಲಿನಿಂದ ಕೇಳೋಣ: ಪ್ರತಿ ವಿದ್ಯಾರ್ಥಿಯೂ ಪದವಿಗೆ ಮುಂಚೆ ಒಂದು ಚಳಿಗಾಲ ತುರುವೇಕೆರೆ, ಚಿಕ್ಕನಾಯಕನಹಳ್ಳಿಯಂಥ ಸೀಮೆಯ ಕೆರೆ ಏರಿಗಳ ಮೇಲೆ ದುಡಿಯಲಿ.