ದೋಣಿ ಉಂಟು, ದುರಸ್ತಿ ಎಲ್ಲಿ?

ಮೀನುಗಾರರಿಗೆ ದೋಣಿ, ಬಲೆ, ಇಂಜಿನ್ ಒದಗಿಸುವ ಯೋಜನೆಗಳಿಗೆ ನಮ್ಮ ದೇಶದಲ್ಲಿ ಬರವಿಲ್ಲ. 2020ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯ ಅಂದಾಜು ಮೊತ್ತವೇ 20,050 ಕೋಟಿ ರೂಪಾಯಿ. ಇಂತಹ ಯೋಜನೆಗಳ ವಿತರಣಾ ಸಮಾರಂಭಗಳು ನಡೆಯುತ್ತವೆ, ಮಂತ್ರಿಗಳು ಬರುತ್ತಾರೆ, ಛಾಯಾಚಿತ್ರಗಳು ಪ್ರಕಟವಾಗುತ್ತವೆ. ಆದರೆ ಅದೇ ಇಂಜಿನ್ ಮೂರನೆಯ ವರ್ಷ ಕಡಲ ನಡುವೆ ಕೆಮ್ಮಿ ನಿಂತರೆ ಅದನ್ನು ಎಲ್ಲಿಗೆ ಒಯ್ಯಬೇಕು, ಯಾರು ಬಿಚ್ಚಬೇಕು, ಬಿಡಿಭಾಗ ಎಲ್ಲಿ ಸಿಕ್ಕೀತು ಎಂಬ ಪ್ರಶ್ನೆಗೆ ಆ ಸಮಾರಂಭಗಳಲ್ಲಿ ಉತ್ತರ ದೊರೆಯುವುದಿಲ್ಲ.

ಗೋವೆಯ ದಕ್ಷಿಣದ ತುದಿಯಲ್ಲಿರುವ ಕಾಣಕೋಣ ತಾಲೂಕನ್ನು ಈ ಮಾತಿಗೆ ನಿದರ್ಶನವಾಗಿ ನೋಡಬಹುದು. ಪರ್ತಗಾಳಿ ಮಠಕ್ಕೆ ಹೋಗಿ ಬರುವ ನಮ್ಮ ಓದುಗರಿಗೆ ಅದು ಅಪರಿಚಿತ ಊರೇನೂ ಅಲ್ಲ. ಒಂದು ಕಾಲದಲ್ಲಿ ಸೋದೆಯ ಅರಸರ ಆಳ್ವಿಕೆಗೆ ಸೇರಿದ್ದು, ಹದಿನೆಂಟನೆಯ ಶತಮಾನದಲ್ಲಿ ಪೋರ್ಚುಗೀಸರ ಕೈಸೇರಿದ ಸೀಮೆ ಅದು. ಪೋಳೆಂ ದಾಟಿದರೆ ಮಾಜಾಳಿ, ಆಚೆ ಕಾರವಾರ. ಆಗೊಂದ, ಪಾಳೋಳೆಂ, ತಾಳಪೋಣ, ಗಾಲಜೀಬಾಗ ಇವೆಲ್ಲ ಸಣ್ಣ ದೋಣಿಗಳ ಕಡಲತೀರಗಳು. ಪಕ್ಕಕ್ಕೆ ತೇಲುಮರ ಕಟ್ಟಿದ ಹಳೆಯ ಮಾದರಿಯ ದೋಣಿಗಳೂ ಅಲ್ಲಿ ಇವೆ, ಫೈಬರ್ ದೋಣಿಗಳೂ ಇವೆ. ಬೆಳಗಿನ ಜಾವ ಬಲೆ ಬೀಸಿದ ದೋಣಿಯೇ ಪಾಳೋಳೆಂನಲ್ಲಿ ಹಗಲು ಪ್ರವಾಸಿಗರನ್ನು ಡಾಲ್ಫಿನ್ ತೋರಿಸಲು ಕರೆದೊಯ್ಯುವುದುಂಟು. ಆದುದರಿಂದ ಇಂಜಿನ್ ಕೈಕೊಟ್ಟರೆ ಹೋಗುವುದು ಒಂದು ದಿನದ ಮೀನು ಮಾತ್ರವಲ್ಲ. ಜನರ ಜೀವವೂ ಪಣಕ್ಕೆ ಬೀಳುತ್ತದೆ. ಅಳಿವೆಯ ಬಾಯಿಯಲ್ಲಿ ಇಂಜಿನ್ ನಿಂತರೆ ಅಲೆ ಯಾರಿಗಾಗಿಯೂ ಕಾಯುವುದಿಲ್ಲ.

ದುರಸ್ತಿಯ ಕಸುಬು ಎಲ್ಲಿ ಬೇರೂರುತ್ತದೆ ಎಂಬುದನ್ನು ಗಮನಿಸಬೇಕು. ಗೋವೆಯ ದೊಡ್ಡ ಮೀನುಗಾರಿಕಾ ಜೆಟ್ಟಿಗಳಾದ ಮಾಲಿಂ, ವಾಸ್ಕೊ, ಕುಟಬೋಣ, ಶಾಪೋರಗಳು ಕಾಣಕೋಣದ ಹೊರಗಿವೆ. ಕಾರವಾರದ ಬೈತಖೋಲ ಬಂದರು ಗಡಿಯ ಆಚೆ. ದೊಡ್ಡ ಬೋಟುಗಳು ನಿಲ್ಲುವಲ್ಲೇ ಮೆಕ್ಯಾನಿಕ್, ವೆಲ್ಡರ್, ಬಿಡಿಭಾಗದ ಅಂಗಡಿ ಎಲ್ಲವೂ ಸೇರುವುದು ಸಹಜ. ಸಣ್ಣ ದೋಣಿಗಳು ಹತ್ತು ತೀರಗಳಲ್ಲಿ ಚದುರಿಕೊಂಡಿರುವುದರಿಂದ ಅವರ ಬಳಿಗೆ ಕಸುಬುದಾರ ಬರುವುದಿಲ್ಲ; ಇವರೇ ಕಸುಬುದಾರನನ್ನು ಹುಡುಕಿಕೊಂಡು ಹೋಗಬೇಕು. ತಾಲೂಕಿನ ಪೇಟೆಯಾದ ಚಾವಡಿಯಿಂದ ಉತ್ತರಕ್ಕೆ ಮಡಗಾಂವ, ದಕ್ಷಿಣಕ್ಕೆ ಕಾರವಾರ. ಎರಡೂ ಸುಮಾರು 35ರಿಂದ 40 ಕಿಲೋಮೀಟರು. ಹತ್ತು ಕುದುರೆಶಕ್ತಿಯ ಔಟ್‌ಬೋರ್ಡ್ ಇಂಜಿನ್ ಸುಮಾರು 40 ಕಿಲೋ ತೂಗುತ್ತದೆ. ಅದನ್ನು ಹೆಗಲ ಮೇಲೆ ಹೊತ್ತು ಮರಳು ದಾಟಿಸಿ, ಬಾಡಿಗೆ ವಾಹನಕ್ಕೇರಿಸಿ, ಬಿಡಿಭಾಗ ಬರುವ ತನಕ ಕಾಯುವಷ್ಟರಲ್ಲಿ ವಾರ ಕಳೆದರೆ, ಆ ವಾರದ ಸಾಲದ ಕಂತಿಗೆ ಹೊಣೆ ಯಾರು?

ಇದಕ್ಕೆ ಮಳೆಗಾಲದ ಲೆಕ್ಕವೂ ಸೇರುತ್ತದೆ. ಗೋವೆಯಲ್ಲಿಯೂ ಕರ್ನಾಟಕದಲ್ಲಿಯೂ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ. ವರ್ಷದ ದುರಸ್ತಿ ಕೆಲಸವೆಲ್ಲ ಈ ದಿನಗಳಲ್ಲೇ ಮುಗಿಯಬೇಕು. ಎಲ್ಲರೂ ಒಂದೇ ಸಲ ಒಬ್ಬನೇ ಮೆಕ್ಯಾನಿಕನ ಬಾಗಿಲಲ್ಲಿ ನಿಂತರೆ ದೊಡ್ಡ ಬೋಟಿನ ಧಣಿಯ ಕೆಲಸ ಮೊದಲಾಗುತ್ತದೆ, ಬಡವನ ಇಂಜಿನ್ ಮೂಲೆ ಸೇರುತ್ತದೆ.

ಹೊರದೇಶಗಳಲ್ಲಿ ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಅಮೆರಿಕ ಮತ್ತು ಕೆನಡಾಗಳ ಮಹಾಸರೋವರಗಳ ಸುತ್ತಮುತ್ತ ಸಣ್ಣ ದೋಣಿಯನ್ನು ಮನೆಯಂಗಳದಲ್ಲೇ ಇಟ್ಟುಕೊಂಡು, ಬೇಕಾದಾಗ ಟ್ರೈಲರಿನ ಮೇಲೆ, ಎಂದರೆ ಮೋಟಾರು ವಾಹನದ ಹಿಂದೆ ಕಟ್ಟಿ ಎಳೆಯುವ ಗಾಲಿಬಂಡಿಯ ಮೇಲೆ, ನೀರಿನ ಅಂಚಿಗೆ ತರುತ್ತಾರೆ. ಸಿಮೆಂಟಿನ ಇಳಿಜಾರಿನಲ್ಲಿ ಬಂಡಿಯನ್ನು ಹಿಮ್ಮುಖವಾಗಿ ನೀರಿಗಿಳಿಸಿದರೆ ದೋಣಿ ತಾನಾಗಿ ತೇಲುತ್ತದೆ. ದೋಣಿಯನ್ನು ದುರಸ್ತಿಗೆ ಒಯ್ಯುವುದೂ ಆ ಬಂಡಿಯಲ್ಲೇ. ಬಂಡಿಗೂ ರೋಗ ತಪ್ಪಿದ್ದಲ್ಲ. ರಸ್ತೆಯಲ್ಲಿ ಓಡಿ ಬಿಸಿಯಾದ ಗಾಲಿಯನ್ನು ಕೂಡಲೇ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಗ್ರೀಸ್ ಕೆಡುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ, ಒಂದು ದಿನ ನಡುರಸ್ತೆಯಲ್ಲಿ ಗಾಲಿ ಕಳಚುತ್ತದೆ. ಅದಕ್ಕಾಗಿಯೇ ಬೇರಿಂಗ್, ಬ್ರೇಕ್, ದೀಪ, ಉರುಳೆಗಳನ್ನು ಪರೀಕ್ಷಿಸುವ ಅಂಗಡಿಗಳು ಅಂಥ ಸರೋವರಗಳ ಬಳಿ ಇರುತ್ತವೆ. ದೋಣಿ ಇರುವಲ್ಲಿ ದುರಸ್ತಿಯೂ ಇರಬೇಕು ಎಂಬ ಸಾದಾ ತತ್ವ ಅದು.

ನಮ್ಮ ಕಡಲತೀರದಲ್ಲಿ ಟ್ರೈಲರ್ ಎಂದರೆ ಮರದ ತುಂಡುಗಳು ಮತ್ತು ಹತ್ತು ಜನರ ಹೆಗಲು. ಮರದ ದೋಣಿ ಅದನ್ನು ತಾಳಿಕೊಂಡಿತು. ಫೈಬರ್ ದೋಣಿಯನ್ನು ಮರಳ ಮೇಲೆ ದಿನವೂ ಎಳೆದರೆ ತಳದ ಹೊರಪದರ ಸವೆದು, ನೀರು ನಾರಿನೊಳಗೆ ಇಳಿದು, ದೋಣಿ ಭಾರವಾಗುತ್ತದೆ. ಆದರೆ ಕಾಣಕೋಣದಲ್ಲಿ ಟ್ರಾಕ್ಟರನ್ನು ಮರಳಿಗಿಳಿಸುವುದು ಇದಕ್ಕೆ ಪರಿಹಾರವಲ್ಲ. ಗಾಲಜೀಬಾಗ ಮತ್ತು ಆಗೊಂದ ಕಡಲಾಮೆಗಳು ಮೊಟ್ಟೆಯಿಡುವ ತೀರಗಳು. ಅರಣ್ಯ ಇಲಾಖೆ ಅವನ್ನು ಕಾಯುತ್ತಿದೆ. ಆದುದರಿಂದ ದುರಸ್ತಿಯ ತಾಣ ಇರಬೇಕಾದ್ದು ತಾಳಪೋಣದಂತಹ ಹೊಳೆಯ ದಂಡೆಯಲ್ಲಿ. ಒಂದು ಸಿಮೆಂಟಿನ ಇಳಿಜಾರು, ದೋಣಿಯನ್ನು ಮೇಲಕ್ಕೆಳೆಯುವ ಒಂದು ವಿಂಚ್, ಎರಡು ಗಾಲಿಬಂಡಿ, ಸಿಹಿನೀರಿನ ನಳ್ಳಿ, ಬೀಗ ಹಾಕಬಹುದಾದ ಒಂದು ಶೆಡ್ಡು: ಇಷ್ಟಕ್ಕೆ ಕೋಟಿಗಳು ಬೇಡ. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯೇ ಸ್ಥಳೀಯ ಮೀನುಗಾರರ ಬಲೆ ಸರಿಪಡಿಸುವ, ಸಾಂಪ್ರದಾಯಿಕ ದೋಣಿ ಕಟ್ಟುವ ಅಂಗಳಗಳಿಗೆ ಅವಕಾಶ ಕೊಟ್ಟಿತ್ತು. ಹೋಟೆಲುಗಳಿಗೆ ದಾರಿ ಹುಡುಕುವವರಿಗೆ ಈ ಶೆಡ್ಡಿಗೆ ದಾರಿ ಕಾಣದಿರಲು ಕಾರಣವಿಲ್ಲ.

ಸಿಹಿನೀರಿನ ನಳ್ಳಿಯನ್ನು ನಾವು ಸುಮ್ಮನೆ ಸೇರಿಸಲಿಲ್ಲ. ಔಟ್‌ಬೋರ್ಡ್ ಇಂಜಿನ್ ತಣಿಯುವುದು ಕಡಲ ನೀರಿನಿಂದಲೇ. ಕೆಲಸ ಮುಗಿದ ಮೇಲೆ ಸಿಹಿನೀರು ಹಾಯಿಸಿ ತೊಳೆಯದಿದ್ದರೆ ಉಪ್ಪು ಒಳದಾರಿಗಳಲ್ಲಿ ಗಟ್ಟಿಕಟ್ಟುತ್ತದೆ. ನೀರೆತ್ತುವ ರಬ್ಬರು ಚಕ್ರ ಮರಳಿನಿಂದ ಸವೆಯುತ್ತದೆ. ಗೇರಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲ್ ಒಡೆದು ನೀರು ನುಗ್ಗಿದೆ ಎಂದೇ ಅರ್ಥ. ತುಕ್ಕನ್ನು ತನ್ನ ಮೇಲೆ ಎಳೆದುಕೊಂಡು ಇಂಜಿನನ್ನು ಕಾಯಲೆಂದೇ ಇಟ್ಟಿರುವ ಸತುವಿನ ತುಂಡು ಅರ್ಧಕ್ಕರ್ಧ ಕರಗಿದರೆ ಹೊಸದನ್ನು ಹಾಕಬೇಕು. ಅದಕ್ಕೆ ಬಣ್ಣ ಬಳಿದರೆ ಅದು ಇದ್ದೂ ಇಲ್ಲದಂತೆ. ಹತ್ತು ನಿಮಿಷದ ಈ ಆರೈಕೆಯಿಂದ ಎಷ್ಟೋ ಸಾವಿರ ರೂಪಾಯಿ ಉಳಿಯುತ್ತದೆ. ಆದರೆ ಈ ಸೂಚನೆಗಳ ಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ಕೊಂಕಣಿ ಆಡುವ ಕಾಣಕೋಣದ ಮೀನುಗಾರನಿಗೂ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಮಂಜೇಶ್ವರದ ಹುಡುಗನಿಗೂ ಅದು ಒಗಟೇ.

ದುರಸ್ತಿಯ ವಿಚಾರ ಬರೇ ಮೀನುಗಾರರ ಮನೆಯ ವಿಚಾರವಲ್ಲವೆಂಬುದನ್ನು ಕೇರಳ ಕಣ್ಣಾರೆ ಕಂಡಿದೆ. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ 600ಕ್ಕೂ ಹೆಚ್ಚು ದೋಣಿಗಳು ರಕ್ಷಣೆಗೆ ಧಾವಿಸಿದುವು. ಅನೇಕವನ್ನು ಲಾರಿಗಳ ಮೇಲೆ ಹೇರಿ ಒಳನಾಡಿಗೆ ಒಯ್ಯಲಾಯಿತು. ನೀರಿನಡಿಯ ಗೋಡೆ, ಗೇಟುಗಳಿಗೆ ತಾಗಿ ಎಷ್ಟೋ ದೋಣಿಗಳ ತಳ ಹರಿಯಿತು. ಹಾನಿಗೊಂಡ ದೋಣಿಗಳನ್ನು ಸರಿಪಡಿಸಿಕೊಡುವುದಾಗಿ ಆಗ ಮುಖ್ಯಮಂತ್ರಿಗಳು ಘೋಷಿಸಬೇಕಾಯಿತು. ಸುಸ್ಥಿತಿಯ ದೋಣಿಯೂ ಅದನ್ನು ನೆಲದ ಮೇಲೆ ಸಾಗಿಸುವ ಬಂಡಿಯೂ ನಾಡಿನ ರಕ್ಷಣೆಯ ಸಾಮಗ್ರಿಗಳೆಂದು ಇನ್ನಾದರೂ ತಿಳಿಯಬೇಡವೇ?

ಕಾಣಕೋಣದ ಮಾತು ನಮ್ಮ ಜಿಲ್ಲೆಗೂ ಸಲ್ಲುತ್ತದೆ. ಕೇರಳದಲ್ಲಿ 1984ರಲ್ಲಿ ಸ್ಥಾಪನೆಯಾದ ಮತ್ಸ್ಯಫೆಡ್, ಇಂಜಿನ್ ಮಾರುವುದರೊಡನೆ ಅದರ ದುರಸ್ತಿಯ ಏರ್ಪಾಡನ್ನೂ ಮಾಡಿಕೊಂಡಿದೆ. ಗೋವೆ ಅನುಕರಿಸಬಹುದಾದ ದಾರಿ ಇದು. ಆದರೆ ನಮ್ಮಲ್ಲಿಯೂ ಅದು ತೀರತೀರಕ್ಕೆ ಮುಟ್ಟಬೇಕು. ಮಂಜೇಶ್ವರ, ಕೊಯಿಪ್ಪಾಡಿ, ಕಸಬಾ ತೀರಗಳಲ್ಲಿ ಮಳೆಗಾಲಕ್ಕೆ ಮೊದಲೇ ದುರಸ್ತಿ ಶಿಬಿರಗಳನ್ನು ನಡೆಸಬೇಕು. ಸಹಾಯಧನದಲ್ಲಿ ಇಂಜಿನ್ ಮಾರುವ ಕಂಪೆನಿಗೆ ಬಿಡಿಭಾಗವನ್ನು ಹತ್ತಿರದಲ್ಲೇ ದೊರಕಿಸುವ ಷರತ್ತನ್ನು ಹಾಕಬೇಕು. ಆರೈಕೆಯ ಸೂಚನೆಗಳನ್ನು ಮಲಯಾಳದೊಡನೆ ಕನ್ನಡದಲ್ಲಿಯೂ ಅಚ್ಚುಹಾಕಿಸಿ ಹಂಚಬೇಕು. ಕುಂದುಕೊರತೆಯ ಅರ್ಜಿಯನ್ನು ದೇಶದ ಅಥವಾ ರಾಜ್ಯದ ಯಾವ ಭಾಷೆಯಲ್ಲಾದರೂ ಸಲ್ಲಿಸಲು ಸಂವಿಧಾನದ 350ನೆಯ ವಿಧಿ ಹಕ್ಕು ಕೊಟ್ಟಿದೆ. ನಮ್ಮ ಮೀನುಗಾರ ಸಂಘಗಳು ಕನ್ನಡದಲ್ಲೇ ಬರೆದು ಇದನ್ನು ಕೇಳಲಿ.

ಹೆತ್ತವರಿಗೂ ಒಂದು ಮಾತು. ಹತ್ತನೆಯ ತರಗತಿ ಮುಗಿಸಿದ ಹುಡುಗರು ಮುಂದೇನೆಂದು ತಿಳಿಯದೆ ನಿಂತಿರುವುದನ್ನು ಪ್ರತಿವರ್ಷ ಕಾಣುತ್ತಿದ್ದೇವೆ. 1963ರಲ್ಲಿ ಆರಂಭವಾದ ಕೊಚ್ಚಿಯ ಸಿಫ್ನೆಟ್ ಸಂಸ್ಥೆಯಲ್ಲಿ, ಹತ್ತನೆಯದು ತೇರ್ಗಡೆಯಾದವರಿಗೆ ಮೆರೈನ್ ಫಿಟ್ಟರ್ ಎಂಬ ಎರಡು ವರ್ಷಗಳ ತರಬೇತಿಯಿದೆ. ಗಣಿತ, ವಿಜ್ಞಾನಗಳಲ್ಲಿ ಸಾಕಷ್ಟು ಅಂಕಗಳಿಸಿದ ಕನ್ನಡ ಮಾಧ್ಯಮದ ಹುಡುಗ ಇಂಗ್ಲಿಷಿಗೆ ಹೆದರಿ ಹಿಂಜರಿಯಬೇಕಾಗಿಲ್ಲ. ಆ ಹೆದರಿಕೆಯನ್ನು ಕಳೆಯುವುದು ಅಧ್ಯಾಪಕರ ಹೊಣೆ. ಹಾಗೆ ಕಲಿತು ಬಂದವನೊಬ್ಬ ನಮ್ಮ ತೀರದಲ್ಲಿ ಅಂಗಡಿ ತೆರೆದರೆ ನೂರು ದೋಣಿಗಳಿಗೆ ಆಸರೆಯಾದಾನು. ಜಿಲ್ಲೆಯ ಐ.ಟಿ.ಐ.ಗಳೂ ಔಟ್‌ಬೋರ್ಡ್ ಇಂಜಿನಿನ ದುರಸ್ತಿಯನ್ನು ಕಿರು ತರಬೇತಿಯಾಗಿಯಾದರೂ ಕಲಿಸಲು ಮುಂದಾಗಬೇಕು.

ದೋಣಿ ಕೊಟ್ಟ ಸರಕಾರ ದುರಸ್ತಿಗೂ ದಾರಿ ಮಾಡಿಕೊಡಲಿ. ಮುಂದಿನ ಮಳೆಗಾಲಕ್ಕೆ ಮೊದಲು ಕಾಣಕೋಣದಲ್ಲೊಂದು, ನಮ್ಮ ಜಿಲ್ಲೆಯಲ್ಲೊಂದು ಶೆಡ್ಡು ಎದ್ದರೂ ಸಾಕು, ಅದರ ಪ್ರಯೋಜನವನ್ನು ಮೀನುಗಾರರ ಮನೆಯ ಲೆಕ್ಕಪುಸ್ತಕವೇ ಹೇಳೀತು.