ಗಾಡಿಯ ಒಡೆಯರಾರು?

ಮೊನ್ನೆ ಸಾಯಂಕಾಲ ನಮ್ಮ ಮೊಮ್ಮಗನು ಚಿತ್ರಪುಸ್ತಕವೊಂದನ್ನು ತಂದು ನಮ್ಮ ಮುಂದೆ ತೆರೆದಿಟ್ಟನು. ಅದರಲ್ಲಿ ನೀಲಿ ಬಣ್ಣದ ಹಳೆಯ ಪಂದ್ಯದ ಮೋಟಾರು ಗಾಡಿಯೊಂದರ ಚಿತ್ರವಿದ್ದಿತು. ಮೇಲೆ ಮಾಡಿಲ್ಲ, ಮುಂಭಾಗದಲ್ಲಿ ಕುದುರೆಯ ಲಾಳದ ಆಕಾರ, ಹಿಂಭಾಗ ಮೀನಿನಂತೆ ಚೂಪು. “ತಾತ, ಈ ಗಾಡಿ ಯಾರದು?” ಎಂದು ಹುಡುಗನು ಕೇಳಿದನು. ಚಿತ್ರದ ಕೆಳಗೆ ಫ್ರಾನ್ಸು ದೇಶದ ಮ್ಯುಲೂಸ್ ಪಟ್ಟಣದ ವಸ್ತುಸಂಗ್ರಹಾಲಯದ ಹೆಸರಿದ್ದಿತು. ಅದನ್ನು ಓದಿ ಹೇಳಿ ನಾವು ಸುಮ್ಮನಾಗಬಹುದಾಗಿತ್ತು. ಆದರೆ ಆ ಸಂಗ್ರಹದ ಚರಿತ್ರೆಯನ್ನು ಬಲ್ಲವರಿಗೆ ಹುಡುಗನ ಪ್ರಶ್ನೆ ಅಷ್ಟು ಸುಲಭವಾದುದಲ್ಲ. ಆದಕಾರಣ ಈ ತಿಂಗಳು ವಾಚಕರ ಮುಂದೆ ಅದನ್ನೇ ಇಡುತ್ತಿದ್ದೇವೆ.

ಮೊದಲು ಗಾಡಿಯನ್ನು ನಿರ್ಮಿಸಿದವನ ಸಂಗತಿ. ಎಟ್ಟೋರೆ ಬುಗಾಟಿ ಎಂಬಾತನು 1881ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಜನಿಸಿದನು. ಅವನ ತಂದೆ ಮೇಜು ಕುರ್ಚಿಗಳ ರಚನೆಯಲ್ಲಿ ಹೆಸರಾದವನು. ತಮ್ಮನು ಪ್ರಾಣಿಗಳ ಪ್ರತಿಮೆಗಳನ್ನು ಮಾಡಿದ ಶಿಲ್ಪಿ. ಇಂಥ ಮನೆಯಲ್ಲಿ ಬೆಳೆದವನಿಗೆ ಯಂತ್ರವೂ ಕಣ್ಣಿಗೆ ಸೊಗಸಾಗಿರಬೇಕೆಂಬ ಹಟವಿದ್ದುದು ಆಶ್ಚರ್ಯವಲ್ಲ. 1909ರಲ್ಲಿ ಅವನು ಆಲ್ಸಾಸ್ ಪ್ರಾಂತದ ಮೋಲ್ಸ್‌ಹೈಮ್ ಎಂಬ ಸಣ್ಣ ಊರಿನಲ್ಲಿ ಕಾರ್ಖಾನೆಯನ್ನು ಹೂಡಿದನು. ಆಗ ಜರ್ಮನಿಗೆ ಸೇರಿದ್ದ ಆ ಪ್ರಾಂತವು ಮೊದಲನೆಯ ಮಹಾಯುದ್ಧದ ತರುವಾಯ ಫ್ರಾನ್ಸಿನದಾಯಿತು.

ನಮ್ಮ ಮೊಮ್ಮಗನು ತೋರಿಸಿದ ಗಾಡಿ ಆ ಕಾರ್ಖಾನೆಯ 35ನೆಯ ಮಾದರಿ. ಎಂಟು ಸಿಲಿಂಡರುಗಳ, ಎರಡು ಲೀಟರಿನ ಇಂಜಿನು. ತಂತಿಯ ಕಡ್ಡಿಗಳಿಲ್ಲದೆ ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದ ಚಕ್ರಗಳು. 1924ರಲ್ಲಿ ಲಿಯೋನ್ ನಗರದ ಪಂದ್ಯದಲ್ಲಿ ಅದು ಮೊದಲು ಕಾಣಿಸಿಕೊಂಡಾಗ ಟೈರುಗಳು ಕೈಕೊಟ್ಟದ್ದರಿಂದ ಜಯ ದೊರೆಯಲಿಲ್ಲ. ಆದರೆ ಸಿಸಿಲಿ ದ್ವೀಪದ ಗುಡ್ಡಗಾಡಿನ ದಾರಿಯಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೋ ಎಂಬ ಕಠಿಣವಾದ ಪಂದ್ಯವನ್ನು 1925ರಿಂದ 1929ರ ವರೆಗೆ ಐದು ವರ್ಷವೂ ಎಡೆಬಿಡದೆ ಬುಗಾಟಿಯ ಗಾಡಿಗಳೇ ಗೆದ್ದುವು. ಏರಿದುದು ಇಳಿಯಲೇಬೇಕಷ್ಟೆ. 1939ರಲ್ಲಿ ಅವನ ಮಗ ಝಾನನು ಗಾಡಿಯೊಂದನ್ನು ಪರೀಕ್ಷಿಸುತ್ತಿರುವಾಗ ಅಪಘಾತವಾಗಿ ಮೂವತ್ತರ ಪ್ರಾಯದಲ್ಲಿಯೇ ಮಡಿದನು. 1947ರಲ್ಲಿ ತಂದೆಯೂ ತೀರಿಕೊಂಡನು. ಕಾರ್ಖಾನೆಯು ಕ್ರಮೇಣ ಕ್ಷೀಣಿಸಿತು. ಒಂದು ಕಾಲಕ್ಕೆ ರಾಜಮನೆತನದವರೂ ಬಯಸಿದ ಗಾಡಿಗಳು ಹಳೆಯ ಸಾಮಾನಿನ ಗುಂಪಿಗೆ ಸೇರಿದುವು.

ಅದೇ ಆಲ್ಸಾಸಿನಲ್ಲಿ ಹಾನ್ಸ್ ಮತ್ತು ಫ್ರಿಟ್ಸ್ ಶ್ಲುಂಫ್ ಎಂಬ ಸೋದರರಿದ್ದರು. ಉಣ್ಣೆಯ ನೂಲಿನ ಗಿರಣಿಗಳ ಒಡೆಯರು. ಇವರಿಗೆ, ಅದರಲ್ಲಿಯೂ ಫ್ರಿಟ್ಸನಿಗೆ, ಬುಗಾಟಿಯ ಗಾಡಿಗಳ ಮೇಲೆ ವಿಪರೀತ ಮೋಹ. ಊರೂರಿಗೆ ಕಾಗದ ಬರೆದು, ಎಲ್ಲಿದ್ದರೂ ಹುಡುಕಿ ಕೊಂಡರು. 1964ರಲ್ಲಿ ಅಮೇರಿಕದ ಒಬ್ಬನೇ ಸಂಗ್ರಾಹಕನಿಂದ 30 ಬುಗಾಟಿಗಳು ರೈಲಿನಲ್ಲಿಯೂ ಹಡಗಿನಲ್ಲಿಯೂ ಸಾಗಿಬಂದುವು. ಒಟ್ಟು ಆರೇ ಆರು ತಯಾರಾಗಿದ್ದ ರೊಯಾಲ್ ಎಂಬ ಮಹಾಗಾತ್ರದ ಗಾಡಿಗಳಲ್ಲಿ ಎರಡು ಇವರ ಪಾಲಾದುವು. ಮ್ಯುಲೂಸಿನ ಹಳೆಯ ಗಿರಣಿಯೊಂದರಲ್ಲಿ ನುರಿತ ಕೆಲಸಗಾರರನ್ನಿಟ್ಟು ಗಾಡಿಗಳ ಜೀರ್ಣೋದ್ಧಾರ ಮಾಡಿಸಿದರು. ಸಾಲುಸಾಲಾಗಿ ನಿಲ್ಲಿಸಿ, ನಡುವೆ ಪ್ಯಾರಿಸ್ಸಿನ ಸೇತುವೆಯ ದೀಪಗಳ ಮಾದರಿಯ ನೂರಾರು ದೀಪಕಂಬಗಳನ್ನು ನೆಡಿಸಿದರು. ತಮ್ಮ ತಾಯಿಯ ಹೆಸರಿಗೆ ಎಲ್ಲವನ್ನೂ ಅರ್ಪಿಸಿದರು. ಆದರೆ ಹೊರಗಿನವರಿಗೆ ಬಾಗಿಲು ತೆರೆಯಲಿಲ್ಲ. ಒಳಗೆ ನಾನೂರಕ್ಕಿಂತ ಹೆಚ್ಚು ಗಾಡಿಗಳಿರುವುದು ಗಿರಣಿಯಲ್ಲಿ ನೂಲುವವರಿಗೂ ತಿಳಿಯದು.

ಉಣ್ಣೆಯ ವ್ಯಾಪಾರವು ಬಿದ್ದುಹೋಯಿತು. 1976ರಲ್ಲಿ ಗಿರಣಿಗಳು ದಿವಾಳಿಯೆದ್ದುವು. ಕೆಲಸ ಹೋದವರು ಬೀದಿಗಿಳಿದರು. ಸೋದರರು ಗಡಿಯನ್ನು ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಸೇರಿಕೊಂಡರು. 1977ರ ಮಾರ್ಚಿಯಲ್ಲಿ ಕೆಲಸಗಾರರು ಆ ಹಳೆಯ ಗಿರಣಿಯ ಬಾಗಿಲನ್ನು ಮುರಿದು ಒಳಹೊಕ್ಕರು. ತಮ್ಮ ಬೆವರು ಎಲ್ಲಿಗೆ ಹರಿದುಹೋಗಿತ್ತೆಂಬುದು ದೀಪದ ಬೆಳಕಿನಲ್ಲಿ ಥಳಥಳಿಸುತ್ತ ನಿಂತಿದ್ದಿತು.

ಇಲ್ಲಿ ವಾಚಕರು ಕ್ಷಣಕಾಲ ನಿಲ್ಲಬೇಕು. ಸಂಬಳವಿಲ್ಲದೆ ಮನೆಯಲ್ಲಿ ಮಕ್ಕಳನ್ನು ಬಿಟ್ಟು ಬಂದವರ ಕೈಗೆ ಆ ಐಶ್ವರ್ಯವು ಸಿಕ್ಕಿತು. ಸಿಟ್ಟಿನಲ್ಲಿ ಸಣ್ಣ ಆಸ್ಟಿನ್ ಗಾಡಿಯೊಂದಕ್ಕೆ ಬೆಂಕಿಯಿಟ್ಟರೆಂದು ಹೇಳುವರು. ಅಷ್ಟೆ. ಉಳಿದುವುಗಳನ್ನು ಒಡೆಯಲಿಲ್ಲ, ಕದ್ದು ಮಾರಲಿಲ್ಲ. ಸುಮಾರು ಎರಡು ವರ್ಷಕಾಲ ಸರದಿಯ ಮೇಲೆ ಕಾವಲಿದ್ದು, ಬಂದ ಜನರಿಗೆಲ್ಲ ಬಾಗಿಲು ತೆರೆದು ತೋರಿಸಿದರು. 1978ರಲ್ಲಿ ಫ್ರಾನ್ಸಿನ ಸರಕಾರವು ಆ ಸಂಗ್ರಹವನ್ನು ಚಾರಿತ್ರಿಕ ಸ್ಮಾರಕವೆಂದು ಗೊತ್ತುಮಾಡಿ, ಅದು ಚದರಿಹೋಗದಂತೆ ತಡೆಯಿತು. 1982ರಲ್ಲಿ ಅದು ಸಾರ್ವಜನಿಕ ಸಂಗ್ರಹಾಲಯವಾಯಿತು.

ಧನವನ್ನು ಕೊಡಬೇಕು, ಇಲ್ಲವೆ ಉಣ್ಣಬೇಕು. ಎರಡೂ ಇಲ್ಲದಿದ್ದರೆ ಅದು ಹಾಳಾಗುವುದೆಂದು ನಾವು ಪಾಠಶಾಲೆಯಲ್ಲಿ ಬಹುಕಾಲ ಮಕ್ಕಳಿಗೆ ಬೋಧಿಸಿದೆವು. ಈ ಸೋದರರು ಕೊಡಲಿಲ್ಲ. ಓಡಬೇಕಾದ ಗಾಡಿಗಳನ್ನು ಓಡಿಸದೆ ನಿಲ್ಲಿಸಿದುದರಿಂದ ನೆಟ್ಟಗೆ ಉಣ್ಣಲೂ ಇಲ್ಲ. ಆದರೂ ಹಾಳಾಗಲಿಲ್ಲ. ಅವರು ಕೊಳ್ಳದಿದ್ದರೆ ಎಷ್ಟೋ ಗಾಡಿಗಳು ಗುಜರಿಯವರ ಕೈಯಲ್ಲಿ ಚೂರಾಗುತ್ತಿದ್ದುವು. ಕೆಲಸಗಾರರು ಕಾಯದಿದ್ದರೆ ದಿಕ್ಕುದಿಕ್ಕಿಗೆ ಹರಾಜಾಗುತ್ತಿದ್ದುವು. ಲೋಭಿಯು ಕೂಡಿಟ್ಟುದನ್ನು ಹಸಿದವನು ಕಾದುಕೊಟ್ಟನೆಂಬ ಈ ಸಂಗತಿಗೆ ನಮ್ಮ ಪಾಠದಲ್ಲಿ ಸ್ಥಳವೇ ಇರಲಿಲ್ಲ.

ಇಷ್ಟನ್ನೂ ಮೊಮ್ಮಗನಿಗೆ ತಿಳಿಯುವಂತೆ ಹೇಳಿ, “ಮಾಡಿದವನೊಬ್ಬ, ಕೊಂಡವರಿಬ್ಬರು, ಬೆಲೆ ತೆತ್ತವರು ಅನೇಕರು, ಈಗ ನೋಡುವವರೆಲ್ಲರದೂ ಹೌದು” ಎಂದೆವು. ಹುಡುಗನು ಪುಸ್ತಕವನ್ನು ಮತ್ತೊಮ್ಮೆ ನೋಡಿ, “ಇಲ್ಲಿ ಶ್ಲುಂಫ್ ಎಂದೇ ಬರೆದಿದೆಯಲ್ಲ ತಾತ, ಕಾದವರ ಹೆಸರೆಲ್ಲಿ?” ಎಂದನು. ಆ ಸಂಗ್ರಹವು ಇಂದಿಗೂ ಸೋದರರ ಹೆಸರನ್ನೇ ಹೊತ್ತಿರುವುದು ನಿಜ. ನಾವು ಉತ್ತರವಿಲ್ಲದೆ ಕುಳಿತೆವು.

ಗೃಹಸ್ಥರಾದ ನಮಗೆ ಇದರಿಂದ ತಿಳಿಯತಕ್ಕದ್ದು ಇಷ್ಟು. ಹಳೆಯ ಗಡಿಯಾರವಾಗಲಿ ಪುಸ್ತಕವಾಗಲಿ, ಒಳ್ಳೆಯ ವಸ್ತುವನ್ನು ಕೂಡಿಡುವ ಹವ್ಯಾಸ ತಪ್ಪಲ್ಲ. ನಮ್ಮ ಮನೆಯಲ್ಲಿಯೂ ಅದುಂಟು. ಆದರೆ ಕೊಳ್ಳುವ ಮುನ್ನ ಆ ಹಣವು ಯಾರ ಬಟ್ಟಲಿನಿಂದ ಬಂದಿತೆಂದು ಕೇಳಿಕೊಳ್ಳಬೇಕು. ಕೊಂಡ ಮೇಲೆ ಬಾಗಿಲು ತೆರೆದಿಟ್ಟು ನಾಲ್ವರಿಗೆ ತೋರಿಸಬೇಕು.