ಸೈಕಲ್ಲಿಗೆ ಅಡ್ಡ ನಿಂತ ಹಳದಿ ಬಾಣ

ದಕ್ಷಿಣ ಇಂಗ್ಲೆಂಡಿನಲ್ಲಿ ಸುಣ್ಣಕಲ್ಲಿನ ಗುಡ್ಡಗಳ ನೆತ್ತಿಯ ಮೇಲೆ ಹಾದುಹೋಗುವ ರಿಜ್‌ವೇ, ಬ್ರಿಟನ್ನಿನ ಅತ್ಯಂತ ಹಳೆಯ ದಾರಿ ಎಂದು ಹೆಸರಾದದ್ದು. ಏವ್‌ಬರಿಯ ಶಿಲಾವೃತ್ತಗಳ ಹತ್ತಿರ ಓವರ್ಟನ್ ಹಿಲ್‌ನಲ್ಲಿ ಶುರುವಾಗಿ ಐವಿಂಗ್‌ಹೋ ಬೀಕನ್‌ವರೆಗೆ 139 ಕಿ.ಮೀ. ಸಾಗುತ್ತದೆ. ಪಶ್ಚಿಮದ ಅರ್ಧ ಭಾಗದಲ್ಲಿ ಸೈಕಲ್ ಹೊಡೆಯಲು ಯಾರ ತಕರಾರೂ ಇಲ್ಲ. ಗೋರಿಂಗ್ ಎಂಬ ಊರಿನ ಬಳಿ ಥೇಮ್ಸ್ ನದಿ ದಾಟಿದ ಮೇಲೆ ಕಥೆಯೇ ಬೇರೆ. ಹೊಳೆಯ ದಂಡೆಯಲ್ಲೂ ಅದರಾಚೆ ಚಿಲ್ಟರ್ನ್ ಗುಡ್ಡಗಳ ಬೀಚ್ ಮರದ ಕಾಡುಗಳಲ್ಲೂ ಅದೇ ರಿಜ್‌ವೇ ಬಹಳಷ್ಟು ಕಡೆ ಕಾನೂನಿನ ಪ್ರಕಾರ ಬರಿಯ ಕಾಲುದಾರಿ. ಅಲ್ಲಿ ಸೈಕಲ್ ಸವಾರನಿಗೆ ಹಕ್ಕಿಲ್ಲ.

ಇದನ್ನು ಹೇಳುವುದು ಬೇಲಿ ಪಕ್ಕದ ಮರದ ಕಂಬಕ್ಕೆ ಹೊಡೆದ ಅಂಗೈಯಗಲದ ಒಂದು ಬಿಲ್ಲೆ. ಅದರ ಮೇಲಿನ ಬಾಣ ಹಳದಿಯಾಗಿದ್ದರೆ ನಡೆಯುವವರಿಗೆ ಮಾತ್ರ. ನೀಲಿಯಾಗಿದ್ದರೆ ಕುದುರೆ ದಾರಿ, ಅಲ್ಲಿ ಸೈಕಲ್ಲಿಗೂ ಅವಕಾಶವುಂಟು. ನೇರಳೆ ಬಾಣವಿದ್ದರೆ ಮೋಟಾರಿಲ್ಲದ ಗಾಡಿಗಳೂ ಹೋಗಬಹುದು. ಕೆಂಪಾದರೆ ಎಲ್ಲ ವಾಹನಗಳೂ. ಇಂಗ್ಲೆಂಡಿನಲ್ಲಿ ಇಂಥ ಸಾರ್ವಜನಿಕ ಹಕ್ಕಿನ ದಾರಿಗಳು ಸುಮಾರು 1,88,000 ಕಿ.ಮೀ. ಇವೆ. ಅದರಲ್ಲಿ ಸೈಕಲ್ಲಿಗೆ ಸಿಗುವುದು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು.

ಕಾಲುದಾರಿಯಲ್ಲಿ ಸೈಕಲ್ ಬೇಕೇ ಬೇಡವೇ ಎಂಬ ತಕರಾರು ಈಚಿನ ವರ್ಷಗಳಲ್ಲಿ ಬಿಸಿಯಾಗಲು ಗ್ರಾವೆಲ್ ಸೈಕಲ್ ಒಂದು ಕಾರಣ. ನೋಡಲು ರೇಸಿಂಗ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ನಾಲ್ಕು ಸೆಂಟಿಮೀಟರ್ ಅಥವಾ ಅದಕ್ಕೂ ದಪ್ಪ ಟೈರು. ಜಲ್ಲಿ, ಮಣ್ಣು, ಕಾಡಿನ ಎಲೆಗೊಬ್ಬರದ ಮೇಲೂ ಸಲೀಸಾಗಿ ಓಡುತ್ತದೆ. ಲಾರಿ ಕಾರುಗಳ ಕಾಟ ತಪ್ಪಿಸಿಕೊಂಡು ದಿನವಿಡೀ ಹೊಲ, ತೋಪು, ನದಿಬಯಲಿನಲ್ಲಿ ಸುತ್ತಬೇಕೆನ್ನುವವರ ಬಂಡಿ ಇದು. ಸೈಕ್ಲಿಂಗ್ ಯುಕೆ ಸಂಸ್ಥೆ 2020ರಲ್ಲಿ ಇಂಥವರಿಗಾಗಿಯೇ ಕಿಂಗ್ ಆಲ್‌ಫ್ರೆಡ್ಸ್ ವೇ ಎಂಬ 350 ಕಿ.ಮೀ. ಸುತ್ತುದಾರಿಯನ್ನು ರೂಪಿಸಿತು. ವಿಂಚೆಸ್ಟರ್‌ನಲ್ಲಿ ಹೊರಟು ಸಾಲ್ಸ್‌ಬರಿ, ಸ್ಟೋನ್‌ಹೆಂಜ್, ಏವ್‌ಬರಿ, ರೆಡಿಂಗ್, ಫಾರ್ನಮ್ ಸುತ್ತಿ ಸೌತ್ ಡೌನ್ಸ್ ಗುಡ್ಡಗಳ ಮೇಲಿಂದ ಮತ್ತೆ ವಿಂಚೆಸ್ಟರ್ ಸೇರುವ ಈ ದಾರಿ ಬಹಳ ಜನಪ್ರಿಯವಾಯಿತು. ಹೊಸದಾಗಿ ಒಂದು ಗಜ ದಾರಿಯನ್ನೂ ಕಡಿಯದೆ, ಇರುವ ದಾರಿಗಳನ್ನೇ ಪೋಣಿಸಿ ಇದನ್ನು ಮಾಡಿದರು. ಸೈಕಲ್ಲಿಗೆ ಮುಚ್ಚಿರುವ ಉಳಿದ ನಾಲ್ಕು ಪಾಲು ದಾರಿಯಲ್ಲಿ ಯೋಗ್ಯವಾದಷ್ಟನ್ನು ತೆರೆದರೆ ಇಂಥವು ಇನ್ನೆಷ್ಟಾಗಬಹುದು!

ಯಾವ ದಾರಿ ಹಳದಿ, ಯಾವುದು ನೀಲಿ ಎಂದು ತೀರ್ಮಾನವಾದದ್ದು ಹೇಗೆ ಎಂಬುದನ್ನು ತುಸು ನಿಂತು ನೋಡಬೇಕು. 1949ರ ರಾಷ್ಟ್ರೀಯ ಉದ್ಯಾನ ಕಾಯಿದೆಯು ಪ್ರತಿ ಕೌಂಟಿಯೂ ತನ್ನ ದಾರಿಗಳ ಅಧಿಕೃತ ನಕ್ಷೆ ಮಾಡಬೇಕೆಂದು ವಿಧಿಸಿತು. 1950ರ ದಶಕದಲ್ಲಿ ಊರೂರು ಸುತ್ತಿ ಪಟ್ಟಿ ಬರೆದುಕೊಟ್ಟವರು ಅಲ್ಲಿನ ಗ್ರಾಮ ಪಂಚಾಯಿತಿಗಳಾದ ಪ್ಯಾರಿಷ್ ಕೌನ್ಸಿಲ್‌ಗಳು. ಒಂದು ಪ್ಯಾರಿಷ್ ಶ್ರದ್ಧೆಯಿಂದ ಹಳೆಯ ದಾಖಲೆ ಹುಡುಕಿ ಕುದುರೆ ದಾರಿ ಎಂದು ಬರೆಯಿತು. ಪಕ್ಕದ್ದು ಅಷ್ಟು ತಲೆ ಕೆಡಿಸಿಕೊಳ್ಳದೆ ಕಾಲುದಾರಿ ಎಂದು ಬರೆದು ಕೈತೊಳೆದುಕೊಂಡಿತು. ಹೀಗಾಗಿ ಒಂದೇ ದಾರಿ, ಒಂದೇ ಅಗಲ, ಒಂದೇ ಮಣ್ಣು. ಆದರೆ ಪ್ಯಾರಿಷ್ ಗಡಿ ಬಂದೊಡನೆ ಹಕ್ಕು ಮಾಯ. ಅತ್ತ ಊರಿಲ್ಲ, ಇತ್ತ ರಸ್ತೆಯಿಲ್ಲ, ಹೊಲದ ನಡುವೆ ಕುದುರೆ ದಾರಿ ತಟಕ್ಕನೆ ನಿಂತುಹೋಗುವ ಜಾಗಗಳು ಇಂಗ್ಲೆಂಡಿನ ನಕ್ಷೆಗಳಲ್ಲಿ ಇಂದಿಗೂ ಇವೆ.

ಗ್ರಾಮನಕ್ಷೆಯ ಬಂಡಿದಾರಿಗಾಗಿ ತಹಶೀಲ್ದಾರ್ ಕಚೇರಿಗೆ ಅಲೆದ ನಮ್ಮ ರೈತರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ನಕ್ಷೆಯಲ್ಲಿ ಗೆರೆ ಎಳೆದವನ ಕೈ ಒಮ್ಮೆ ತಪ್ಪಿದರೆ ಮೊಮ್ಮಕ್ಕಳ ಕಾಲಕ್ಕೂ ಅದು ಸರಿಯಾಗುವುದಿಲ್ಲ. ಇಂಗ್ಲೆಂಡಿನಲ್ಲೂ ಅದೇ. ಕಾಲುದಾರಿಯೊಂದು ಹಿಂದೆ ಕುದುರೆ ದಾರಿಯಾಗಿತ್ತೆಂದು ಸಾಧಿಸಲು ಹಳೆಯ ತೆರಿಗೆ ನಕ್ಷೆ, ಜಮೀನು ಹಂಚಿಕೆಯ ದಾಖಲೆಗಳನ್ನೆಲ್ಲ ಹುಡುಕಿ ಕೌಂಟಿಗೆ ಅರ್ಜಿ ಹಾಕಬೇಕು. ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತವೆ.

ಸೈಕಲ್ಲಿಗೆ ಕುದುರೆ ದಾರಿ ಸಿಕ್ಕಿದ್ದೂ 1968ರ ಗ್ರಾಮಾಂತರ ಕಾಯಿದೆಯಿಂದ. ನಡೆಯುವವರಿಗೂ ಕುದುರೆಯವರಿಗೂ ಸವಾರ ದಾರಿ ಬಿಡಬೇಕೆಂಬ ಷರತ್ತನ್ನು ಅದರಲ್ಲೇ ಹಾಕಿದ್ದರು, ಅದು ಒಳ್ಳೆಯ ಷರತ್ತು. ಅಲ್ಲಿಂದಾಚೆಗೆ ಗ್ರಾಮಾಂತರ ದಾರಿಗಳ ವಿಷಯದಲ್ಲಿ ಸೈಕಲ್ಲಿಗೆ ದಕ್ಕಿದ್ದು ಅತ್ಯಲ್ಪ. 2000ದ ಕಾಯಿದೆ ಬೆಟ್ಟ ಬಯಲುಗಳಲ್ಲಿ ಮುಕ್ತವಾಗಿ ಅಡ್ಡಾಡುವ ಹಕ್ಕು ಕೊಟ್ಟಾಗಲೂ ಸೈಕಲ್ಲನ್ನು ಹೊರಗಿಟ್ಟಿತು. ಚಳಿಗಾಲದಲ್ಲಂತೂ ಫಜೀತಿ: ಗೊರಸು ತುಳಿದು ಮೊಣಕಾಲುದ್ದ ಕೆಸರಾದ ಕುದುರೆ ದಾರಿಯಲ್ಲಿ ಸೈಕಲ್ ಹೊಡೆಯಲು ಹಕ್ಕಿದೆ, ಪಕ್ಕದಲ್ಲೇ ಗಟ್ಟಿ ಜಲ್ಲಿ ಹಾಸಿದ ಕಾಲುದಾರಿಯಲ್ಲಿ ಇಲ್ಲ.

ಕಾಲುದಾರಿ ತೆರೆಯಬಾರದು ಎನ್ನುವವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಕಿವಿ ಮಂದವಾದ ವೃದ್ಧೆಯ ಹಿಂದಿನಿಂದ ಸೈಕಲ್ ಸರ್ರನೆ ಬಂದರೆ ಎದೆ ಝಲ್ಲೆನ್ನುವುದು ಸಹಜ. ಕುರಿ ಮರಿ ಹಾಕುವ ಕಾಲದಲ್ಲಿ ಹೊಲದ ನಡುವೆ ಓಡಾಟ ಹೆಚ್ಚಿದರೆ ರೈತನಿಗೆ ಆತಂಕ. ಬೆಳೆಯ ನಡುವೆ ಹಾಯುವ ಕಾಲುದಾರಿಗೆ ಕಾನೂನು ಕೇಳುವ ಕನಿಷ್ಠ ಅಗಲ ಒಂದು ಮೀಟರ್, ಕುದುರೆ ದಾರಿಗೆ ಎರಡು. ಎಲ್ಲವನ್ನೂ ಮೇಲ್ದರ್ಜೆಗೆ ಏರಿಸಿದರೆ ಜಮೀನು ಹೋಗುತ್ತದೆ, ಬೇಲಿ ಹತ್ತಿ ಇಳಿಯುವ ಮೆಟ್ಟಿಲು ಕಿತ್ತು ಗೇಟು ಹಾಕುವ ಖರ್ಚು ಬರುತ್ತದೆ ಎಂಬ ಲೆಕ್ಕವೂ ಸರಿಯೇ.

ಆದರೆ ಈ ವಾದಗಳೆಲ್ಲ ಇಕ್ಕಟ್ಟಾದ ದಾರಿಗೆ, ಜನಜಂಗುಳಿಯ ದಾರಿಗೆ, ಬೆಳೆ ನಡುವಿನ ದಾರಿಗೆ ಸಲ್ಲುತ್ತವೆ. ಅವನ್ನು ಹಿಡಿದು 1,46,000 ಕಿ.ಮೀ. ಕಾಲುದಾರಿಗೂ ಬೀಗ ಜಡಿಯುವುದು ಅನ್ಯಾಯ. ಇದೇ ದೇಶದ ಕಾಲುವೆಗಳನ್ನು ನೋಡಿ. ರೆಡಿಂಗ್‌ನಿಂದ ಬಾತ್ ಕಡೆಗೆ ಹೋಗುವ ಕೆನೆಟ್ ಮತ್ತು ಏವನ್ ಕಾಲುವೆಯ ಏರಿ ಹಲವೆಡೆ ಇಬ್ಬರು ಜೊತೆಯಾಗಿ ನಡೆಯಲೂ ಕಷ್ಟವಾಗುವಷ್ಟು ಕಿರಿದು. ಅಲ್ಲಿ ಗಾಳ ಹಾಕುವವರು, ದೋಣಿಯವರು, ನಾಯಿ ಅಡ್ಡಾಡಿಸುವವರು, ಸೈಕಲ್ಲಿನವರು ಎಲ್ಲರೂ ಇದ್ದಾರೆ. ಕಾಲುವೆ ನೋಡಿಕೊಳ್ಳುವ ಟ್ರಸ್ಟ್ ಸೈಕಲ್ಲನ್ನು ನಿಷೇಧಿಸಿಲ್ಲ, ನಿಧಾನವಾಗಿ ಹೋಗಿ ಎಂದು ಸವಾರರಿಗೆ ಹೇಳುತ್ತಾ ಬಂದಿದೆ. ಥೇಮ್ಸ್ ನದಿಯುದ್ದಕ್ಕೂ ಸಾಗುವ ದಾರಿ ಅದೇ ರೆಡಿಂಗ್ ಊರನ್ನು ಮುಟ್ಟಿ, ಲಂಡನ್ನಿನಲ್ಲಿ 2015ರಲ್ಲಿ ಸ್ಥಾಪನೆಯಾದ ಬಸವೇಶ್ವರ ಪ್ರತಿಮೆ ಇರುವ ದಂಡೆಯಲ್ಲೂ ಹಾಯುತ್ತದೆ. ಊರ ಹೊರಗೆ ಅದರ ಬಹುಪಾಲಿನಲ್ಲಿ ಸೈಕಲ್ಲಿಗೆ ಹಕ್ಕಿಲ್ಲ. ಕಾಲುವೆಯ ಏರಿಗೆ ಒಪ್ಪುವ ನಡೆ ಹೊಳೆಯ ದಂಡೆಗೆ ಯಾಕೆ ಒಪ್ಪದು?

ಸ್ಕಾಟ್‌ಲ್ಯಾಂಡ್ ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿದೆ. ಅಲ್ಲಿನ 2003ರ ಭೂ ಸುಧಾರಣಾ ಕಾಯಿದೆ 2005ರಲ್ಲಿ ಜಾರಿಗೆ ಬಂದಾಗಿನಿಂದ ನಡಿಗೆ, ಕುದುರೆ, ಸೈಕಲ್, ದೋಣಿ ಎಲ್ಲಕ್ಕೂ ಸಮಾನ ಹಕ್ಕು. ಮನೆಯಂಗಳ, ಬೆಳೆ ನಿಂತ ಹೊಲ ಇದರಿಂದ ಹೊರಗೆ. ಜವಾಬ್ದಾರಿಯಿಂದ ನಡೆದುಕೊಂಡರೆ ಮಾತ್ರ ಹಕ್ಕು ಉಂಟು. ಆಗೀಗ ಜಗಳಗಳು ಆಗುವುದಿಲ್ಲ ಎಂದಲ್ಲ. ಆದರೆ ಎರಡು ದಶಕಗಳಲ್ಲಿ ಅಲ್ಲಿನ ಕೃಷಿಯೂ ಮುಳುಗಿಲ್ಲ, ನಡಿಗೆಯವರು ಕಾಡು ಬಿಟ್ಟೂ ಓಡಿಲ್ಲ.

ಇಂಗ್ಲೆಂಡಿನಲ್ಲಿ ನಡೆಯುವವರಿಗೂ ಹಕ್ಕು ಸುಮ್ಮನೆ ದಕ್ಕಿದ್ದಲ್ಲ. 1932ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಕಡೆಯ ಕೂಲಿಕಾರರ ಮಕ್ಕಳು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಅಪ್ಪಣೆಯಿಲ್ಲದೆ ನುಗ್ಗಿದರು. ಐವರು ಜೈಲಿಗೆ ಹೋದರು. ಬೇಟೆಹಕ್ಕಿಗಳಿಗಾಗಿ ಜಮೀನುದಾರರು ಕಾಯ್ದಿಟ್ಟಿದ್ದ ಬೆಟ್ಟಗಳು ಜನರಿಗೆ ತೆರೆದದ್ದರ ಹಿಂದೆ ಆ ಹೋರಾಟವಿದೆ. ಅದರ ಫಲ ಉಂಡ ನಡಿಗೆಯ ಸಂಘಗಳು ಇಂದು ಸೈಕಲ್ಲಿನವರ ಪಕ್ಕದಲ್ಲಿ ನಿಲ್ಲಬೇಕಾದದ್ದು ನ್ಯಾಯ.

ಹಳೆಯ ದಾರಿಗಳ ಹಕ್ಕನ್ನು ದಾಖಲಿಸಲು ಇಟ್ಟಿದ್ದ 2031ರ ಗಡುವನ್ನು ರದ್ದುಮಾಡುವುದಾಗಿ ಬ್ರಿಟಿಷ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಅದಕ್ಕೆ ಸಂಸತ್ತು ಕಾನೂನನ್ನು ತಿದ್ದಬೇಕು. ಆಗಲೇ 1968ರ ಕಾಯಿದೆಗೆ ಒಂದು ತಿದ್ದುಪಡಿ ಸೇರಿಸಿ, ಯೋಗ್ಯವಾದ ಕಾಲುದಾರಿಗಳನ್ನು ಸೈಕಲ್ಲಿಗೆ ತೆರೆಯುವ ಅಧಿಕಾರವನ್ನು ಕೌಂಟಿಗಳಿಗೆ ನೇರವಾಗಿ ಕೊಡಲಿ. ನಡೆಯುವವರಿಗೆ ಮೊದಲ ಹಕ್ಕು ಎಂಬ ಹಳೆಯ ಷರತ್ತು ಹಾಗೆಯೇ ಇರಲಿ. ಟ್ರ್ಯಾಕ್ಟರು ದಿನಾ ಓಡಾಡುವ ಹೊಲದ ಗಾಡಿದಾರಿಗಳು, ಮರ ಸಾಗಿಸಲು ಜಲ್ಲಿ ಹಾಕಿದ ಕಾಡಿನ ರಸ್ತೆಗಳು ಎಷ್ಟೋ ಕಡೆ ಇಂದಿಗೂ ಕಾಲುದಾರಿ ಎಂದೇ ನಕ್ಷೆಯಲ್ಲಿವೆ. ಮೊದಲ ವರ್ಷ ಅವಷ್ಟನ್ನೇ ತೆರೆಯಲಿ. ಅದಕ್ಕೆ ಒಂದು ಬೇಲಿಯನ್ನೂ ಸರಿಸಬೇಕಾಗಿಲ್ಲ.